ಅಕ್ಷ ಬಂದದ್ದು ಆಮೇಲೆ, ಮೊದಲು ಬಂದದ್ದು ಅಕ್ಷರ

ಯಾವುದಾದರೂ ಚತುರ್ಭುಜ ಬರೆಯಿರಿ, ಎಷ್ಟು ಸೊಟ್ಟಗಿದ್ದರೂ ಪರವಾಗಿಲ್ಲ. ನಾಲ್ಕೂ ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿದರೆ ಒಳಗೆ ಸಮಾಂತರ ಚತುರ್ಭುಜವೇ ಬರುತ್ತದೆ. ಇದು ಫ್ರಾನ್ಸಿನ ವಾರಿನ್ಯೋನ ಪ್ರಮೇಯ, ಅವನು ತೀರಿಕೊಂಡ ಮೇಲೆ 1731ರಲ್ಲಿ ಅಚ್ಚಾಯಿತು.

ಗ್ರಾಫ್ ಹಾಳೆಯಲ್ಲಿ (1, 2), (5, 3) ಅಂತ ನಿರ್ದೇಶಾಂಕ (ಕೋಆರ್ಡಿನೇಟ್, ಅಂದರೆ ಬಿಂದು ಎಲ್ಲಿದೆ ಅಂತ ಹೇಳುವ ಸಂಖ್ಯೆಗಳು) ಕೊಟ್ಟು ಲೆಕ್ಕ ಮಾಡಿದರೆ ಆ ಒಂದು ಚಿತ್ರಕ್ಕೆ ಮಾತ್ರ ಉತ್ತರ ಸಿಗುತ್ತದೆ. ಸಂಖ್ಯೆಯ ಜಾಗದಲ್ಲಿ ಅಕ್ಷರ ಇಡಿ: (0, 0), (2ಅ, 0), (2ಬ, 2ಕ), (2ಗ, 2ಚ). ಆ 2 ಯಾಕೆ ಅಂದರೆ, ಮಧ್ಯಬಿಂದು ತೆಗೆದಾಗ ಭಿನ್ನರಾಶಿಯ ಕಾಟ ಇರಬಾರದು, ಅಷ್ಟೇ. ಮಧ್ಯಬಿಂದುಗಳು (ಅ, 0), (ಅ+ಬ, ಕ), (ಬ+ಗ, ಕ+ಚ), (ಗ, ಚ). ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಬ ಅಡ್ಡ, ಕ ಮೇಲೆ. ನಾಲ್ಕನೆಯದರಿಂದ ಮೂರನೆಯದಕ್ಕೂ ಅಷ್ಟೇ. ಎದುರಿನ ಎರಡು ಬಾಹುಗಳು ಸಮ, ಸಮಾಂತರ. ಮುಗೀತು, ಎಲ್ಲ ಚತುರ್ಭುಜಕ್ಕೂ!

ಈ ಅಕ್ಷರದ ಉಪಾಯ ಸಿಗೋಕೆ ಬಹಳ ಕಾಲ ಹಿಡಿಯಿತು. ಗ್ರೀಕರ ಅಪೊಲೋನಿಯಸ್ ವಕ್ರರೇಖೆಗಳನ್ನು ಗೆರೆಗಳ ಉದ್ದದಿಂದಲೇ ಅಳೆಯುತ್ತಿದ್ದ, ಆದರೆ ಬೀಜಗಣಿತದ ಬರವಣಿಗೆ ಅವನ ಬಳಿ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ ಮಾತ್ರವಲ್ಲ, ಗೊತ್ತಿರುವ ಅಳತೆಗೂ ಅಕ್ಷರ ಬಳಸಿದವನು ಫ್ರಾನ್ಸಿನ ವಿಯೆಟ್, 1591ರಲ್ಲಿ. ನನ್ನ ಪ್ರಕಾರ ನಿಜವಾದ ತಿರುವು ಅದೇ.

ಆಮೇಲೆ ಚಿತ್ರವನ್ನು ಸಮೀಕರಣವಾಗಿಸುವ ಈ ವಿಧಾನಕ್ಕೆ ಫ್ರಾನ್ಸಿನ ಇಬ್ಬರು ಗಣಿತಜ್ಞರು, ಫರ್ಮಾ ಮತ್ತು ಡೆಕಾರ್ಟ್, ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಫರ್ಮಾನ ಹಸ್ತಪ್ರತಿ ಗೆಳೆಯರ ನಡುವೆ ಓಡಾಡಿತು, ಅಚ್ಚಾದದ್ದು 1679ರಲ್ಲಿ, ಅವನು ಸತ್ತ 14 ವರ್ಷಕ್ಕೆ. ಡೆಕಾರ್ಟ್ ತನ್ನ ಪುಸ್ತಕವನ್ನು 1637ರಲ್ಲೇ ಲೈಡನ್‌ನಲ್ಲಿ ಅಚ್ಚು ಹಾಕಿಸಿದ, ಹೆಸರೂ ಅವನಿಗೇ ಜಾಸ್ತಿ ಬಂತು. ತಮಾಷೆ ಅಂದರೆ, ನಾವು ಶಾಲೆಯಲ್ಲಿ ಎಳೆಯುವ ಎಕ್ಸ್, ವೈ ಅಕ್ಷಗಳ ಶಿಲುಬೆ ಆ ಪುಸ್ತಕದಲ್ಲಿ ಇಲ್ಲ; ಚಿತ್ರದಲ್ಲೇ ಇರುವ ಒಂದು ಗೆರೆಯನ್ನು ಹಿಡಿದು, ಬೇಕಾದರೆ ಓರೆಯಾಗಿಯೇ ಇನ್ನೊಂದು ಅಳತೆ ತೆಗೆದುಕೊಂಡು ಅವನು ಸಮೀಕರಣ ಬರೆಯುತ್ತಿದ್ದ.

ಎಲ್ಲರಿಗೂ ಇದು ಹಿಡಿಸಲಿಲ್ಲ. ನ್ಯೂಟನ್ ಈ ವಿಧಾನದಲ್ಲಿ ಪಳಗಿದವನು, ಆದರೂ 1687ರ ತನ್ನ ದೊಡ್ಡ ಕೃತಿಯನ್ನು ಬಹುಪಾಲು ಹಳೆಯ ರೇಖಾಗಣಿತದ ಧಾಟಿಯಲ್ಲೇ ಬರೆದ. ಲೆಕ್ಕ ಸರಿ ಬರುತ್ತೆ, ಯಾಕೆ ಅಂತ ಕಾಣಲ್ಲ ಅನ್ನೋ ದೂರು ಇವತ್ತಿಗೂ ಇದೆ. ಗಣಿತ ಒಲಿಂಪಿಯಾಡ್ ಸ್ಪರ್ಧೆಯ ಹುಡುಗರು ಇದನ್ನು ಸ್ವಲ್ಪ ತಾತ್ಸಾರದಿಂದಲೇ ‘ಕೋಆರ್ಡಿನೇಟ್ ಬ್ಯಾಶ್’ (ನಿರ್ದೇಶಾಂಕ ಹಾಕಿ ಬಡಿಯೋದು) ಅಂತಾರೆ.

ದೂರು ಪೂರ್ತಿ ಸುಳ್ಳಲ್ಲ. ಆದರೆ ಸ್ಕೇಲು, ಕೈವಾರ ಮಾತ್ರ ಬಳಸಿ ಯಾವುದೇ ಕೋನವನ್ನು ಮೂರು ಸಮಭಾಗ ಮಾಡಬಹುದೇ? ಗ್ರೀಕರ ಕಾಲದ ಪ್ರಶ್ನೆ. ಎಷ್ಟು ಚಿತ್ರ ಬರೆದರೂ ‘ಆಗೋದೇ ಇಲ್ಲ’ ಅಂತ ಸಾಧಿಸಲು ಸಾಧ್ಯವಿರಲಿಲ್ಲ. ನಿರ್ದೇಶಾಂಕದಲ್ಲಿ ನೋಡಿದರೆ ಸ್ಕೇಲಿನ ಗೆರೆ ಒಂದನೇ ಘಾತದ ಸಮೀಕರಣ, ಕೈವಾರದ ವೃತ್ತ ಎರಡನೇ ಘಾತದ್ದು. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಹೆಚ್ಚೆಂದರೆ ಒಂದು ವರ್ಗಮೂಲ ಸಿಗುತ್ತದೆ. 60 ಡಿಗ್ರಿಯನ್ನು ಮೂರು ಪಾಲು ಮಾಡಲು ಬೇಕಾದದ್ದು ಘನ ಸಮೀಕರಣದ ಮೂಲ, ಅದು ಬರೀ ವರ್ಗಮೂಲಗಳಿಂದ ಹುಟ್ಟುವುದಿಲ್ಲ. 1837ರಲ್ಲಿ ಫ್ರಾನ್ಸಿನ ಗಣಿತಜ್ಞ ವಾಂಟ್ಸೆಲ್ ಇದನ್ನು ತೋರಿಸಿ ಆ ಹಳೇ ಪ್ರಶ್ನೆಗೆ ತೆರೆ ಎಳೆದ.

1970ರ ದಶಕದ ಕೊನೆಗೆ ಚೀನಾದ ವೂ ವೆನ್‌ಜುನ್ ಇದನ್ನೇ ಯಂತ್ರಕ್ಕೆ ಒಪ್ಪುವ ಹಾಗೆ ಮಾಡಿದರು. ಕೊಟ್ಟಿರುವ ಸಂಗತಿಗಳೂ ಸಮೀಕರಣ, ಸಾಧಿಸಬೇಕಾದದ್ದೂ ಸಮೀಕರಣ, ಮಿಕ್ಕಿದ್ದು ಭಾಗಾಕಾರ. 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಜ್ಯಾಮೆಟ್ರಿ ಎಂಬ ಎಐ (ಕೃತಕ ಬುದ್ಧಿಮತ್ತೆ) 30 ಒಲಿಂಪಿಯಾಡ್ ಲೆಕ್ಕಗಳಲ್ಲಿ 25 ಬಿಡಿಸಿತು, ಅದೂ ಚಿತ್ರಕ್ಕೆ ಹೊಸ ಬಿಂದು, ಗೆರೆ ಸೇರಿಸುವ ಹಳೇ ಶೈಲಿಯಲ್ಲಿ. ಅಲ್ಲಿ ವೂ ವಿಧಾನಕ್ಕೆ ಸಿಕ್ಕ ಅಂಕ 10. ಅದೇ ವರ್ಷ ಬೇರೆ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ ವೂ ವಿಧಾನ ಒಂದೇ 15 ಬಿಡಿಸಿತು, ಎರಡನ್ನೂ ಸೇರಿಸಿದಾಗ 27.