‘ಆಮೇಲೆ ನೋಡಿಕೊಳ್ಳೋಣ’ ಎನ್ನಲಾಗದ ವೀಸಾ

ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಒಬ್ಬ ಪ್ರಾಧ್ಯಾಪಕರು ಫೋನ್ ಮಾಡಿದ್ದರು. ಸಸ್ಯಶಾಸ್ತ್ರದವರು, ಪಶ್ಚಿಮ ಘಟ್ಟದ ಜರಿಗಿಡಗಳ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ನಾನು ಕೆಲಸ ಮಾಡುವ ಅಮೆರಿಕದ ಸಣ್ಣ ಕಾಲೇಜಿನ ಜೀವಶಾಸ್ತ್ರ ವಿಭಾಗ ಅವರನ್ನು ನಾಲ್ಕು ತಿಂಗಳ ಮಟ್ಟಿಗೆ ಆಹ್ವಾನಿಸಿತ್ತು. ಅವರಿಗೆ ಯಾವ ವರ್ಗದಲ್ಲಿ ಕಾಗದ ಮಾಡಬೇಕೆಂದು ನಾನು ಕೇಳಿದಾಗ ಅವರು, ‘ಮೇಡಂ, ರಿಸರ್ಚ್ ಸ್ಕಾಲರ್ ಅಂತಲೇ ಹಾಕಿಬಿಡಿ, ಕೇಳೋದಕ್ಕೂ ಗೌರವವಾಗಿರುತ್ತೆ. ಮುಂದಿನದು ಆಮೇಲೆ ನೋಡಿಕೊಳ್ಳೋಣ’ ಎಂದರು. ವಿದೇಶಿ ವಿದ್ವಾಂಸರ ವೀಸಾ ಕಾಗದಗಳನ್ನು ಸಿದ್ಧಪಡಿಸುವ ಈ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಅದು, ಅತಿ ಹೆಚ್ಚು ಹೆದರುವ ಮಾತೂ ಅದೇ. ಅಂದು ಅವರು ಕೇಳಿದಂತೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿವರಿಸಿದರೆ ಈ ವ್ಯವಸ್ಥೆಯ ಅರ್ಧ ಭಾಗವನ್ನು ವಿವರಿಸಿದಂತೆಯೇ.

ಸಂಶೋಧನೆಗೋ ಪಾಠ ಹೇಳಲೋ ಬರುವ ವಿದ್ವಾಂಸರಲ್ಲಿ ಹೆಚ್ಚಿನವರು ಬರುವುದು ಜೆ-1 ವೀಸಾದ ಮೇಲೆ. 1961ರ ಕಾನೂನಿನ ಆಧಾರದಲ್ಲಿ ನಡೆಯುವ ಈ ವಿನಿಮಯ ಕಾರ್ಯಕ್ರಮವು ಅಮೆರಿಕದ ವಿದೇಶಾಂಗ ಇಲಾಖೆಯ ಅಧೀನದಲ್ಲಿದೆ. ಯಾವುದೇ ಕಾಲೇಜು ತನ್ನಿಷ್ಟಕ್ಕೆ ತಾನೇ ಯಾರನ್ನೂ ಜೆ-1 ಮೇಲೆ ಕರೆಸಿಕೊಳ್ಳುವಂತಿಲ್ಲ. ಪ್ರಾಯೋಜಕ ಸಂಸ್ಥೆಯೆಂದು ಇಲಾಖೆಯಿಂದ ಮಾನ್ಯತೆ ಪಡೆದಿರಬೇಕು, ಅದೂ ಪ್ರಾಧ್ಯಾಪಕ, ರಿಸರ್ಚ್ ಸ್ಕಾಲರ್, ಶಾರ್ಟ್-ಟರ್ಮ್ ಸ್ಕಾಲರ್ ಎಂಬ ಒಂದೊಂದು ವರ್ಗಕ್ಕೂ ಪಡೆದಿರಬೇಕು. ಪ್ರತಿ ಪ್ರಾಯೋಜಕ ಸಂಸ್ಥೆಯಲ್ಲೂ ಇದಕ್ಕೆ ಹೊಣೆಗಾರರಾದ ಅಧಿಕಾರಿ ಮತ್ತು ಅವರ ಬದಲಿಗಳು ಇರುತ್ತಾರೆ. ಆ ಹುದ್ದೆಗೆ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯಾಗಿರುವುದು ಕಡ್ಡಾಯ. ನಾವು ಸೆವಿಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಯಲ್ಲಿ ವಿದ್ವಾಂಸರ ಕಡತ ತೆರೆದು ಡಿಎಸ್-2019 ಎಂಬ ಅರ್ಹತಾ ಪತ್ರವನ್ನು ಹೊರಡಿಸುತ್ತೇವೆ. ಅದು ವೀಸಾ ಅಲ್ಲ. ವೀಸಾ ಕೇಳಲು ಬೇಕಾದ ಹಕ್ಕುಪತ್ರ ಮಾತ್ರ. ವೀಸಾ ಕೊಡುವುದು, ಬಿಡುವುದು ದೂತಾವಾಸದ ಅಧಿಕಾರಿಗೆ ಸೇರಿದ್ದು. ವಿಮಾನ ನಿಲ್ದಾಣದಲ್ಲಿ ಒಳಗೆ ಬಿಡುವುದು ಇನ್ನೊಂದೇ ಇಲಾಖೆಯ ಅಧಿಕಾರಿಗೆ ಸೇರಿದ್ದು.

ಈಗ ವರ್ಗದ ವಿಷಯ. ರಿಸರ್ಚ್ ಸ್ಕಾಲರ್ ಅಥವಾ ಪ್ರಾಧ್ಯಾಪಕ ವರ್ಗದಲ್ಲಿ ಕನಿಷ್ಠ ಮೂರು ವಾರ, ಗರಿಷ್ಠ ಐದು ವರ್ಷ ಇರಬಹುದು. ಶಾರ್ಟ್-ಟರ್ಮ್ ಸ್ಕಾಲರ್‌ಗೆ ಕನಿಷ್ಠ ಅವಧಿಯಿಲ್ಲ, ಆದರೆ ಆರು ತಿಂಗಳು ದಾಟುವಂತಿಲ್ಲ. ಅದರಾಚೆಗೆ ಒಂದೇ ಒಂದು ದಿನವನ್ನೂ ವಿಸ್ತರಿಸಲಾಗದು. ಇಷ್ಟನ್ನೇ ಓದಿದವರಿಗೆ ಐದು ವರ್ಷದ್ದೇ ಲಾಭವೆನಿಸುತ್ತದೆ. ಸಿಕ್ಕು ಇರುವುದು ಮುಗಿಸಿ ಹೊರಟ ಮೇಲೆ. ರಿಸರ್ಚ್ ಸ್ಕಾಲರ್ ಅಥವಾ ಪ್ರಾಧ್ಯಾಪಕರ ಕಡತ ಮುಗಿದ ದಿನದಿಂದ 24 ತಿಂಗಳು ಅವರು ಮತ್ತೆ ಈ ಎರಡು ವರ್ಗಗಳಲ್ಲಿ ಬರುವಂತಿಲ್ಲ. ಇದ್ದದ್ದು ಐದು ವರ್ಷವೋ ಐದು ವಾರವೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬಳಸದೆ ಉಳಿದ ನಾಲ್ಕೂವರೆ ವರ್ಷವನ್ನು ಇನ್ನೊಮ್ಮೆ ಬಂದು ಬಳಸಿಕೊಳ್ಳುತ್ತೇನೆ ಎನ್ನುವ ಹಾಗೂ ಇಲ್ಲ. ಕಡತ ಮುಚ್ಚಿದೊಡನೆ ಆ ಅವಧಿಯೂ ಮುಚ್ಚಿಹೋಗುತ್ತದೆ. ಜೊತೆಗೆ ಬಂದ ಗಂಡನಿಗೋ ಹೆಂಡತಿಗೋ ಇದೇ ನಿರ್ಬಂಧ ಅನ್ವಯಿಸುತ್ತದೆ ಎಂಬುದನ್ನಂತೂ ಎಷ್ಟೋ ಮಂದಿ ಕೇಳಿಯೇ ಇರುವುದಿಲ್ಲ. ಇಬ್ಬರೂ ಅಧ್ಯಾಪಕರಾಗಿರುವ ಮನೆಗಳಲ್ಲಿ ಒಬ್ಬರ ಸಣ್ಣ ಪ್ರವಾಸ ಇನ್ನೊಬ್ಬರ ದೊಡ್ಡ ಅವಕಾಶವನ್ನು ತಡೆದಿರುವುದನ್ನು ನಾನು ನೋಡಿದ್ದೇನೆ.

ಇನ್ನೊಂದು 12 ತಿಂಗಳ ನಿರ್ಬಂಧವೂ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಜೆ ಸ್ಥಾನದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದವರು, ಉದಾಹರಣೆಗೆ ವಿದ್ಯಾರ್ಥಿಯಾಗಿದ್ದವರು, ಒಮ್ಮೆ ಹೊರಹೋದರೆ ತಕ್ಷಣ ರಿಸರ್ಚ್ ಸ್ಕಾಲರ್ ಆಗಿ ಹೊಸದಾಗಿ ಬರುವಂತಿಲ್ಲ. ಶಾರ್ಟ್-ಟರ್ಮ್ ಸ್ಕಾಲರ್ ಆಗಿ ಬಂದು ಹೋದವರಿಗೆ ಮಾತ್ರ ಈ ಎರಡೂ ತಡೆಗಳು ಅಂಟುವುದಿಲ್ಲ. ಆದ್ದರಿಂದ ನಾನು ಮೈಸೂರಿನ ಪ್ರಾಧ್ಯಾಪಕರನ್ನು ಕೇಳಿದ್ದು ಒಂದೇ ಪ್ರಶ್ನೆ: ಇದಾದ ಮೇಲೆ ಎರಡು ವರ್ಷದೊಳಗೆ ಇನ್ನೆಲ್ಲಿಗಾದರೂ ಬರುವ ಯೋಚನೆ ಇದೆಯೇ? ಸ್ವಲ್ಪ ತಡೆದು ಅವರು, ಇನ್ನೊಂದು ವಿಶ್ವವಿದ್ಯಾಲಯದ ಒಂದು ವರ್ಷದ ಫೆಲೋಶಿಪ್‌ಗೆ ಅರ್ಜಿ ಹಾಕಿರುವುದಾಗಿ ಹೇಳಿದರು. ಗೌರವದ ಮಾತು ಅಲ್ಲಿಗೆ ನಿಂತಿತು. ಶಾರ್ಟ್-ಟರ್ಮ್ ಎಂದೇ ಬರೆದೆವು. ವಿಭಾಗದ ಮುಖ್ಯಸ್ಥರು ಆರಂಭದಲ್ಲಿ ಇದಕ್ಕೆ ಮುಖ ಸಿಂಡರಿಸಿದರು, ಏಕೆಂದರೆ ಕೆಲಸ ಆರು ತಿಂಗಳು ದಾಟಿದರೆ ದಾರಿಯಿರಲಿಲ್ಲ. ಅದು ನ್ಯಾಯವಾದ ಆತಂಕವೇ. ಆರನೇ ತಿಂಗಳ ನಂತರ ವರ್ಗ ಬದಲಿಸಿಕೊಡಿ ಎಂದು ಕೇಳಿಕೊಂಡು ಬರುವ ವಿಭಾಗಗಳಿಗೆ ಇಲ್ಲವೆಂದು ಹೇಳುವುದೂ ನನ್ನ ಕೆಲಸದ ಭಾಗ.

ಜೆ-1 ಬೇಡವೇ ಬೇಡ ಎನ್ನಬಹುದಾದ ಸಂದರ್ಭಗಳೂ ಇವೆ. ಎರಡು ಉಪನ್ಯಾಸ, ಒಂದು ವಿಚಾರಗೋಷ್ಠಿ ಎಂದರೆ ವ್ಯವಹಾರದ ಸಣ್ಣ ಭೇಟಿಗೆ ಕೊಡುವ ಬಿ-1 ವೀಸಾ ಸಾಕು. 1998ರ ಕಾನೂನಿನ ಪ್ರಕಾರ ಒಂದು ಸಂಸ್ಥೆಯಲ್ಲಿ ಒಂಬತ್ತು ದಿನ ಮೀರದಂತೆ, ಆರು ತಿಂಗಳಲ್ಲಿ ಐದು ಸಂಸ್ಥೆಗಳನ್ನು ಮೀರದಂತೆ ಗೌರವಧನವನ್ನೂ ಪಡೆಯಬಹುದು. ಹತ್ತನೆಯ ದಿನಕ್ಕೆ ಹಣ ಕೊಟ್ಟರೆ ತಪ್ಪು ನಮ್ಮದೂ ಹೌದು, ಅತಿಥಿಯದೂ ಹೌದು. ಕಾಯಂ ಬೋಧಕ ಹುದ್ದೆಗೆ ಹೋಗುವ ಹಾದಿಯಲ್ಲಿರುವವರಿಗೆ ಜೆ-1 ಸಲ್ಲದು, ಅವರಿಗೆ ಸಾಮಾನ್ಯವಾಗಿ ಎಚ್-1ಬಿ. ಕಾಲೇಜುಗಳಿಗೆ ಅದರ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲವಾದರೂ, 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆ ದೇಶದ ಹೊರಗಿರುವವರ ಪರವಾಗಿ ಹಾಕುವ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೊರಿಸಿದ್ದು ಸಣ್ಣ ಕಾಲೇಜುಗಳಿಗೆ ಗಂಟಲಿನ ಮುಳ್ಳಾಯಿತು.

ಡಿಎಸ್-2019 ಬರೆಯುವ ಮುನ್ನ ನಾವು ಕೇಳುವ ಕಾಗದಗಳು ಹೆಚ್ಚೇನಿಲ್ಲ: ಪಾಸ್‌ಪೋರ್ಟ್ ಪ್ರತಿ, ವೃತ್ತಿ ವಿವರ, ಇಂಗ್ಲಿಷ್ ಸಾಮರ್ಥ್ಯಕ್ಕೆ ಪುರಾವೆ, ಹಣಕಾಸಿನ ಪುರಾವೆ. ಇಂಗ್ಲಿಷ್‌ಗೆ ಪರೀಕ್ಷೆಯ ಅಂಕವೇ ಆಗಬೇಕೆಂದಿಲ್ಲ. ನಾವೇ ವಿಡಿಯೊದಲ್ಲಿ ಮಾತಾಡಿಸಿ ದಾಖಲಿಸಿಕೊಂಡರೂ ಸಾಕು. ಹಣದ ಲೆಕ್ಕದಲ್ಲಿ ಕಾಲೇಜು ಕೊಡುವುದೆಷ್ಟು, ತಾಯ್ನಾಡಿನ ಸಂಸ್ಥೆ ಕೊಡುವುದೆಷ್ಟು, ಸ್ವಂತದ್ದೆಷ್ಟು ಎಂದು ಬೇರೆಬೇರೆಯಾಗಿ ಪತ್ರದ ಐದನೇ ಅಂಕಣದಲ್ಲಿ ಮೂಡುತ್ತದೆ. ನಾನು ಅತಿ ಹೆಚ್ಚು ಹೊತ್ತು ಕೂರುವುದು ನಾಲ್ಕನೇ ಅಂಕಣದ ಮುಂದೆ. ಅಲ್ಲಿ ವರ್ಗದ ಹೆಸರಿನ ಕೆಳಗೆ ವಿಷಯದ ಸಂಕೇತ ಸಂಖ್ಯೆ, ಅದರ ಮಗ್ಗುಲಲ್ಲಿ ಒಂದು ಸಣ್ಣ ಟಿಪ್ಪಣಿಗೆ ಜಾಗ. ಮೈಸೂರಿನವರ ವಿಭಾಗ ಕಳಿಸಿದ್ದ ವಾಕ್ಯದಲ್ಲಿ ‘ಆಣ್ವಿಕ’, ‘ಜೀನೋಮಿಕ್’, ‘ಒತ್ತಡ ಪ್ರತಿಕ್ರಿಯೆ’ ಎಲ್ಲವೂ ಇತ್ತು, ಜರಿಗಿಡ ಎಂಬುದೊಂದೇ ಇರಲಿಲ್ಲ. ಜೀವತಂತ್ರಜ್ಞಾನದ ವಾಸನೆ ಬಂದ ಕಡತ ಹೆಚ್ಚಿನ ತಪಾಸಣೆಗೆ ಹೋಗುವ ಸಂಭವ ಹೆಚ್ಚು. ಹಾಗೆಂದು ಸುಳ್ಳು ಬರೆಯುವುದಲ್ಲ. ಒಣಗಿಸಿಟ್ಟ ಜರಿಗಿಡಗಳ ಮಾದರಿಗಳನ್ನು ಹೋಲಿಸಿ ಪ್ರಭೇದ ಗುರುತಿಸುವುದು ಎಂಬ ನಿಜವನ್ನೇ ಸರಳವಾಗಿ ಬರೆದೆವು.

ಕರ್ನಾಟಕದಿಂದ ಬರುವವರ ಕಾಗದಗಳಲ್ಲಿ ಪದೇಪದೇ ಎದುರಾಗುವ ತೊಡಕು ಹೆಸರಿನದು. ನಮ್ಮಲ್ಲಿ ಅನೇಕರಿಗೆ ಕುಲನಾಮವಿಲ್ಲ. ಊರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಆಮೇಲೆ ತಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ವೀಸಾ ಅರ್ಜಿ ಡಿಎಸ್-160ರಲ್ಲಿ ಇರುವ ಹೆಸರನ್ನೇ ಕುಲನಾಮದ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ತುಂಬಬೇಕು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಜೀವಮಾನವಿಡೀ ಒಂದೇ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದವರಿಗೆ ಇದು ಅವಮಾನವೆನಿಸುತ್ತದೆ, ನನಗೂ ಹಾಗೇ ಅನಿಸುತ್ತದೆ. ಆದರೆ ಆಹ್ವಾನ ಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ವಿಮೆಯಲ್ಲಿ ಮತ್ತೊಂದು ಇದ್ದರೆ ಅದರಿಂದಾಗುವ ತೊಂದರೆ ಅವಮಾನಕ್ಕಿಂತ ದೊಡ್ಡದು. ಪಾಸ್‌ಪೋರ್ಟಿನಲ್ಲಿ ಇರುವುದೇ ಅಂತಿಮ. ಅದನ್ನು ತಿದ್ದಿಸಿಕೊಳ್ಳುವ ಮನಸ್ಸಿದ್ದರೆ ಡಿಎಸ್-2019 ಹೊರಡುವ ಮುನ್ನವೇ ತಿದ್ದಿಸಿಕೊಳ್ಳಬೇಕು.

ಪತ್ರ ಕೈಸೇರಿದ ಮೇಲೆ ಸೆವಿಸ್ ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಇವೆರಡೂ ಬೇರೆಬೇರೆ, ಒಂದನ್ನು ಕಟ್ಟಿ ಇನ್ನೊಂದು ಮುಗಿಯಿತೆಂದುಕೊಳ್ಳುವವರು ಪ್ರತಿ ವರ್ಷವೂ ಸಿಗುತ್ತಾರೆ. ಕೆನಡಾದ ಪ್ರಜೆಗಳಿಗೆ ವೀಸಾ ಮುದ್ರೆಯೇ ಬೇಡ, ಡಿಎಸ್-2019 ಮತ್ತು ಶುಲ್ಕದ ರಸೀದಿ ಹಿಡಿದು ಗಡಿಗೆ ಬಂದರಾಯಿತು. ಉಳಿದವರಿಗೆ ದೂತಾವಾಸದ ಸಂದರ್ಶನ. 2025ರ ಜೂನ್‌ನಿಂದ ಜೆ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆ ಜಾರಿಯಲ್ಲಿದೆ. ಅದೇ ತಿಂಗಳ ಇನ್ನೊಂದು ಘೋಷಣೆ ಕೆಲವು ದೇಶಗಳ ಪ್ರಜೆಗಳಿಗೆ ಈ ಬಾಗಿಲನ್ನೇ ಮುಚ್ಚಿತು. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನನಗೆ ಬಂದ ಅಭಿನಂದನೆಯ ಸಂದೇಶಗಳಿಗೆ ಲೆಕ್ಕವಿಲ್ಲ. ವೀಸಾ ಸೇವೆ ಅದರೊಂದಿಗೆ ಆರಂಭವಾಗಲಿಲ್ಲ ಎಂದು ಒಬ್ಬೊಬ್ಬರಿಗೂ ಉತ್ತರ ಬರೆಯಬೇಕಾಯಿತು. ಮೈಸೂರಿನವರೂ ರಾತ್ರಿ ರೈಲು ಹತ್ತಿ ಚೆನ್ನೈಗೇ ಹೋಗಿದ್ದರು.

ಸಂದರ್ಶನವೆಂದರೆ ಗಾಜಿನ ಕಿಂಡಿಯ ಮುಂದೆ ಎರಡು ಮೂರು ನಿಮಿಷ, ಅಷ್ಟೆ. ತಂದ ಕಡತದಲ್ಲಿ ಹೆಚ್ಚಿನದನ್ನು ಅಧಿಕಾರಿ ನೋಡುವುದೇ ಇಲ್ಲ. ಯಾಕೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಗೆ ನೆರೆಮನೆಯವರಿಗೆ ಹೇಳುವಷ್ಟು ಸರಳವಾಗಿ ಎರಡು ವಾಕ್ಯದಲ್ಲಿ ಉತ್ತರಿಸಬೇಕು. ಪಿಎಚ್‌ಡಿ ವೈವಾದಂತೆ ಶುರುಮಾಡಿದರೆ ಎರಡನೇ ವಾಕ್ಯಕ್ಕೆ ಸಮಯವಿರುವುದಿಲ್ಲ. ಎರಡನೆಯದಾಗಿ, ಮರಳಿ ಬರುವ ಕಾರಣ. ಅರ್ಜಿದಾರರು ಅಲ್ಲೇ ನೆಲೆಸಲು ಹೊರಟವರೆಂದು ಕಾನೂನು ಮೊದಲೇ ಊಹಿಸಿಕೊಳ್ಳುತ್ತದೆ, ಹಾಗಲ್ಲವೆಂದು ತೋರಿಸುವ ಭಾರ ಅವರದು. ಹೊಲಮನೆಯ ಪಹಣಿ ಪತ್ರಗಳನ್ನು ಕಟ್ಟಿಕೊಂಡು ಹೋಗುವವರಿದ್ದಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ತೂಕವಿರುವುದು ಸ್ವಂತ ಸಂಸ್ಥೆಯ ರಜೆ ಮಂಜೂರಾತಿ ಆದೇಶಕ್ಕೆ, ಅದರಲ್ಲೂ ಕೆಲಸಕ್ಕೆ ಮರಳಿ ಹಾಜರಾಗುವ ದಿನಾಂಕ ನಮೂದಾಗಿದ್ದರೆ. ಸರ್ಕಾರಿ ಕಾಲೇಜಿನವರು ನಿರಾಕ್ಷೇಪಣಾ ಪತ್ರಕ್ಕೆ ಆಹ್ವಾನ ಬಂದ ದಿನವೇ ಅರ್ಜಿ ಕೊಡುವುದು ಲೇಸು. ನಮ್ಮ ಡಿಎಸ್-2019ಕ್ಕಿಂತ ನಿಧಾನವಾಗಿ ಚಲಿಸುವ ಕಡತವೆಂದರೆ ಅದೊಂದೇ.

ಸಂದರ್ಶನದ ಕೊನೆಗೆ ಅಧಿಕಾರಿ ವಲಸೆ ಕಾನೂನಿನ 214(ಬಿ) ಕಲಮನ್ನು ಹೆಸರಿಸಿದರೆ ಅದು ನಿರಾಕರಣೆ. ಮರಳುವ ಉದ್ದೇಶ ಮನವರಿಕೆಯಾಗಲಿಲ್ಲ ಎಂದು ಅದರ ತಾತ್ಪರ್ಯ. 221(ಜಿ) ಎಂದು ಬರೆದ ಚೀಟಿ ಕೊಟ್ಟರೆ ತಪಾಸಣೆ ಇನ್ನೂ ಮುಗಿದಿಲ್ಲವೆಂದು, ಕೆಲವೊಮ್ಮೆ ಪ್ರಕಟಣೆಗಳ ಪಟ್ಟಿಯೂ ಸಂಶೋಧನಾ ಯೋಜನೆಯೂ ಬೇಕೆಂದು. ಅದು ವಾರಗಟ್ಟಲೆ ಹಿಡಿಯಬಹುದು. ಆಗ ನಮಗೆ ತಿಳಿಸಿದರೆ ಆರಂಭದ ದಿನಾಂಕವನ್ನು ಸೆವಿಸ್‌ನಲ್ಲಿ ಮುಂದೂಡಿ ಹೊಸ ಪತ್ರ ಕಳಿಸುತ್ತೇವೆ; ಸುಮ್ಮನಿದ್ದು ಆ ದಿನಾಂಕ ದಾಟಿ, ಮೂವತ್ತು ದಿನದೊಳಗೆ ಆಗಮನ ದಾಖಲಾಗದಿದ್ದರೆ ಕಡತ ತಾನಾಗಿಯೇ ಅಸಿಂಧುವಾಗುತ್ತದೆ. ಹಣ ಮರಳದ ವಿಮಾನ ಟಿಕೆಟ್ಟನ್ನು ಮುದ್ರೆ ಬೀಳುವ ಮುನ್ನ ಕೊಳ್ಳಬೇಡಿ ಎಂದು ನಾನು ಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಆದರೂ ಕೊಳ್ಳುತ್ತಾರೆ.

ಜೆ-1 ಮುಗಿಸಿದವರು ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕೆಂಬ ಇನ್ನೊಂದು ನಿಯಮವನ್ನು ಜನ ಮೇಲಿನ 24 ತಿಂಗಳ ತಡೆಯೊಂದಿಗೆ ಬೆರೆಸಿಬಿಡುತ್ತಾರೆ. ಇವೆರಡಕ್ಕೂ ಸಂಬಂಧವಿಲ್ಲ. ಇದು ಅನ್ವಯವಾದವರು ಆ ಎರಡು ವರ್ಷ ಮುಗಿಯುವವರೆಗೆ ಎಚ್-1ಬಿಗಾಗಲಿ ಗ್ರೀನ್ ಕಾರ್ಡಿಗಾಗಲಿ ಹೋಗುವಂತಿಲ್ಲ, ವಿನಾಯಿತಿ ಪಡೆದ ಹೊರತು. ಹಿಂದೆ, ಯಾವ ದೇಶಕ್ಕೆ ಯಾವ ವಿಷಯದ ಪರಿಣತರು ಮರಳಿ ಬೇಕೆಂದು ಹೇಳುವ ಕೌಶಲಗಳ ಪಟ್ಟಿಯ ಕಾರಣದಿಂದ ಅನೇಕ ಭಾರತೀಯರು ಇದಕ್ಕೆ ಒಳಪಡುತ್ತಿದ್ದರು. 2024ರ ಡಿಸೆಂಬರ್ 9ರಂದು ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಭಾರತ ಇಲ್ಲ. ಆದರೆ ಫುಲ್‌ಬ್ರೈಟ್-ನೆಹರು ಫೆಲೋಗಳಂತೆ ಸರ್ಕಾರದ ಹಣದಲ್ಲಿ ಬರುವವರಿಗೂ, ವೈದ್ಯಕೀಯ ತರಬೇತಿಗೆ ಬರುವ ವೈದ್ಯರಿಗೂ ನಿಯಮ ಹಾಗೆಯೇ ಇದೆ.

ಆರಂಭದ ದಿನಾಂಕಕ್ಕೆ 30 ದಿನ ಮುಂಚಿನಿಂದ ದೇಶದೊಳಗೆ ಬರಬಹುದು. ಬಂದ ವಾರವೇ ನಮ್ಮ ಕಚೇರಿಗೆ ಬಂದು, ದೇಶದೊಳಗೆ ಬಂದದ್ದನ್ನು ನಮೂದಿಸುವ ಐ-94 ದಾಖಲೆಯ ಪ್ರತಿ, ಮನೆ ವಿಳಾಸ, ವಿಮೆಯ ಕಾಗದ ತೋರಿಸಬೇಕು. ವಿಮೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಒಂದು ಲಕ್ಷ ಡಾಲರ್, ವೈದ್ಯಕೀಯ ಸ್ಥಳಾಂತರಕ್ಕೆ 50,000, ಪಾರ್ಥಿವ ಶರೀರ ರವಾನೆಗೆ 25,000 ಡಾಲರ್‌ಗಿಂತ ಕಡಿಮೆಯಿರಬಾರದು. ಕೈಯಿಂದ ಮೊದಲು ಕಟ್ಟಬೇಕಾದ ಮೊತ್ತ 500 ಡಾಲರ್ ಮೀರಬಾರದು. ಜೊತೆಗೆ ಬಂದ ಮಡದಿ ಮಕ್ಕಳಿಗೂ ಇದೇ ಮಟ್ಟ. ಬೆಂಗಳೂರಿನಲ್ಲಿ ಕೊಂಡ ಅಗ್ಗದ ಪ್ರವಾಸ ವಿಮೆ ಎಷ್ಟೋ ಸಲ ಈ ಅಳತೆಗೆ ಬರುವುದಿಲ್ಲ. ಬೇರೆ ಕಾಲೇಜಿನವರು ಉಪನ್ಯಾಸಕ್ಕೆ ಕರೆದು ಸಂಭಾವನೆ ಕೊಡುತ್ತೇವೆಂದರೆ, ಹೋಗುವ ಮೊದಲು ನಮ್ಮಿಂದ ಲಿಖಿತ ಅನುಮತಿ ಪಡೆಯಬೇಕು. ನಡುವೆ ಊರಿಗೆ ಹೋಗಿಬರುವುದಾದರೆ ಡಿಎಸ್-2019ರ ಮೇಲೆ ಪ್ರಯಾಣದ ಸಹಿ ಬೇಕು, ಅದನ್ನು ಹೊರಡುವ ಹಿಂದಿನ ಸಂಜೆ ಕೇಳಬಾರದು. ಮೈಸೂರಿನವರು ಮಾತ್ರ ನಡುವೆ ಎಲ್ಲಿಗೂ ಹೋಗಲಿಲ್ಲ. ಜನವರಿಯಲ್ಲಿ ಕೆಲಸ ಮುಗಿಸಿ, ಒಣಗಿದ ಎಲೆಗಳ ಫೋಟೋ ತುಂಬಿದ ಹಾರ್ಡ್ ಡಿಸ್ಕ್ ಹಿಡಿದು ಹೊರಟರು, ಮತ್ತು ಹದಿನಾಲ್ಕು ತಿಂಗಳ ನಂತರ ಆ ಇನ್ನೊಂದು ವಿಶ್ವವಿದ್ಯಾಲಯದ ಕಚೇರಿಯಿಂದ ಅವರ ಹಳೆಯ ವರ್ಗ ಯಾವುದಿತ್ತೆಂದು ವಿಚಾರಿಸುವ ಮಿಂಚಂಚೆ ನನಗೆ ಬಂತು.