ಹಿಟ್‌ಮನ್‌ಲೀ ಅಂದರೆ ಬ್ರೂಸ್ ಲೀನಾ?

ಪ್ರಶ್ನೆ: ಪೋಕೆಮಾನ್ ವಿಡಿಯೊ ಗೇಮ್‌ನ ಹೊಡೆದಾಡುವ ಪಾತ್ರಗಳಾದ ಹಿಟ್‌ಮನ್‌ಲೀ, ಹಿಟ್‌ಮನ್‌ಚಾನ್ ಇಬ್ಬರನ್ನೂ ಬ್ರೂಸ್ ಲೀ, ಜಾಕಿ ಚಾನ್‌ರನ್ನು ನೋಡಿಯೇ ಮಾಡಿದ್ದಂತೆ, ಹೌದಾ?

ಹೆಸರು ಹೌದು, ಆಳು ಅಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ತಿರುಗಿ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಆಟ ಜಪಾನಿನಲ್ಲಿ ಬಂದಿದ್ದು 1996ರಲ್ಲಿ. ಲೀ, ಚಾನ್ ಎಂಬ ಬಾಲ ಅಂಟಿದ್ದು 1998ರಲ್ಲಿ, ಅಮೆರಿಕದ ಆವೃತ್ತಿಗೆ. ಜಪಾನಿ ಹೆಸರುಗಳು ಸಾವಮುಲಾರ್, ಎಬಿವಲಾರ್. ಮೊದಲನೆಯದು ಕಿಕ್‌ಬಾಕ್ಸರ್ ತದಾಶಿ ಸಾವಮುರಾ ಹೆಸರಿನಿಂದ, ಎರಡನೆಯದು 1963ರಲ್ಲಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದ ಬಾಕ್ಸರ್ ಹಿರೊಯುಕಿ ಎಬಿಹಾರಾ ಹೆಸರಿನಿಂದ. ಇಬ್ಬರೂ ರಿಂಗಿನಲ್ಲಿ ಹೊಡೆದಾಡಿದವರು, ಕುಂಗ್‌ಫು ಸಿನಿಮಾದವರಲ್ಲ.

ಹೆಸರು ಬಿಡಿ, ಹೊಡೆತ ನೋಡಿ. ಹಿಟ್‌ಮನ್‌ಲೀಯ 'ಹೈ ಜಂಪ್ ಕಿಕ್'ಗೆ ಜಪಾನಿಯಲ್ಲಿರುವ ಹೆಸರಿನ ಅರ್ಥ 'ಹಾರಿ ಮೊಣಕಾಲಿನಿಂದ ಹೊಡೆಯುವುದು'. ಸಾವಮುರಾ ಹೆಸರಾಗಿದ್ದೇ ಅದಕ್ಕೆ. ಗುರಿ ತಪ್ಪಿದರೆ ಪೆಟ್ಟು ಒದ್ದವನಿಗೇ. ಇನ್ನು ಹಿಟ್‌ಮನ್‌ಚಾನ್: ಕೈಯಲ್ಲಿ ಬಾಕ್ಸಿಂಗ್ ಗ್ಲೌಸ್, ವಿಶ್ವ ಚಾಂಪಿಯನ್ ಆಗಲು ಹೊರಟಿದ್ದ ಬಾಕ್ಸರ್‌ನ ಛಲ ಇದರೊಳಗಿದೆ ಎಂದು ಆಟದೊಳಗಿನ ಪೋಕೆಮಾನ್ ಕೋಶವಾದ ಪೋಕೆಡೆಕ್ಸ್‌ನಲ್ಲೇ ಬರೆದಿದೆ. ಜಾಕಿ ಚಾನ್‌ಗೆ ಆ ಗ್ಲೌಸ್ ತೊಡಿಸಿದರೆ ಏಣಿ, ಕುರ್ಚಿ ಹಿಡಿಯುವುದು ಹೇಗೆ ಸ್ವಾಮಿ?

ನಿಜವಾದ ಲೀ ನಕಲು ಬೇಕಿದ್ದರೆ ಬೇರೆ ಹೊಡೆದಾಟದ ವಿಡಿಯೊ ಗೇಮ್‌ಗಳಲ್ಲಿ ನೋಡಿ: ಸ್ಟ್ರೀಟ್ ಫೈಟರ್‌ನ ಫೇ ಲಾಂಗ್ (1993), ಟೆಕ್ಕನ್‌ನ ಮಾರ್ಷಲ್ ಲಾ (1994) ಇದ್ದಾರೆ. ಅದೇ ಕೀಚಲು ಕೂಗು, ಅದೇ ಗತ್ತು. ಫೇ ಲಾಂಗ್ ಅಂತೂ ಕಥೆಯಲ್ಲೂ ಹಾಂಗ್‌ಕಾಂಗ್ ಸಿನಿಮಾ ಹೀರೊ. ಜಾಕಿ ಚಾನ್ ಬೇಕಿದ್ದರೆ ಟೆಕ್ಕನ್ 2ರ ಲೇ ವೂಲಾಂಗ್: ಹಾಂಗ್‌ಕಾಂಗ್ ಪೊಲೀಸ್, ಕುಡಿದವನಂತೆ ತೂರಾಡುತ್ತಲೇ ಹೊಡೆಯುತ್ತಾನೆ, ನೆಲದಲ್ಲಿ ಮಲಗಿದ್ದಾಗಲೂ ಒದೆಯುತ್ತಾನೆ.

ಯಾರೂ ಕೇಳಿಲ್ಲ, ಆದರೂ ಬೆಳೆದು ಈ ಇಬ್ಬರಲ್ಲೊಬ್ಬರಾಗಿಯೋ ಹಿಟ್‌ಮನ್‌ಟಾಪ್ ಎಂಬ ಮೂರನೆಯವನಾಗಿಯೋ ರೂಪ ಬದಲಿಸುವ ಮರಿ ಪೋಕೆಮಾನ್ ಟೈರೋಗ್ ವಿಷಯ ಹೇಳಿಬಿಡುತ್ತೇನೆ. 20ನೇ ಲೆವೆಲ್‌ಗೆ ಅದರ ಅಟ್ಯಾಕ್ ಹೆಚ್ಚಿದ್ದರೆ ಹಿಟ್‌ಮನ್‌ಲೀ, ಡಿಫೆನ್ಸ್ ಹೆಚ್ಚಿದ್ದರೆ ಹಿಟ್‌ಮನ್‌ಚಾನ್, ಎರಡೂ ಸಮ ಇದ್ದರೆ ಹಿಟ್‌ಮನ್‌ಟಾಪ್. ಅಂಕಿ ನೋಡದೆ ಲೆವೆಲ್ ಏರಿಸಿ, ಬೇಡದ್ದು ಬಂತೆಂದು ತಲೆ ಚಚ್ಚಿಕೊಳ್ಳುವವರೇ ಹೆಚ್ಚು. 19ರಲ್ಲಿ ಒಮ್ಮೆ ನಿಂತು ನೋಡಿ. ಅಟ್ಯಾಕ್ ಏರಿಸಲು ಆಟದಲ್ಲೇ ಸಿಗುವ ಪ್ರೋಟೀನ್ ಎಂಬ ಟಾನಿಕ್, ಡಿಫೆನ್ಸ್‌ಗೆ ಐರನ್ ಕೊಡಿ. ಲೆಕ್ಕ ತಪ್ಪಿತೇ? ರೂಪ ಬದಲಾಗುವಾಗ ಬಿ ಬಟನ್ ಒತ್ತಿ ತಡೆಯಿರಿ, ಮುಂದಿನ ಲೆವೆಲ್‌ನಲ್ಲಿ ಮತ್ತೆ ಅವಕಾಶವಿದೆ. ಅಂದಹಾಗೆ, ತಲೆಕೆಳಗಾಗಿ ಬುಗುರಿಯಂತೆ ತಿರುಗುವ ಹಿಟ್‌ಮನ್‌ಟಾಪ್ ಯಾವ ನಟ ಎಂದು ಮಾತ್ರ ಕೇಳಬೇಡಿ. ಅದರ ಜಪಾನಿ ಹೆಸರಿನಲ್ಲಿರುವುದು ಬ್ರೆಜಿಲ್‌ನ ಸಮರಕಲೆ ಕಾಪೊಯೆರಾ.