ಇಲಿನಾಯ್‌ನ ಹತ್ತನೇ ಶಾಸನಸಭೆ (1836–38): ಸದಸ್ಯರ ಪಟ್ಟಿಯನ್ನು ಓದೋದು ಹೇಗೆ

ಅಮೆರಿಕದ ಚರಿತ್ರೆ ಓದುವಾಗ "ಹತ್ತನೇ ಜನರಲ್ ಅಸೆಂಬ್ಲಿ" (ಅಂದರೆ ರಾಜ್ಯದ ಶಾಸನಸಭೆ) ಅಂತ ತಲೆಬರಹ ಹಾಕಿದ ಪಟ್ಟಿ ಎದುರಾದರೆ ನಾನು ಮೊದಲೆಲ್ಲ ಪುಟ ಮಗುಚಿಬಿಡುತ್ತಿದ್ದೆ. ಸದಸ್ಯರ ಹೆಸರು, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಅಧಿವೇಶನ ಶುರುವಾದ ದಿನ, ಮುಗಿದ ದಿನ. ಇದರಲ್ಲಿ ಓದೋದೇನಿದೆ ಅನ್ನಿಸುತ್ತಿತ್ತು. ಆಮೇಲೆ ಒಂದೇ ಒಂದು ಪಟ್ಟಿಯನ್ನು ಹಿಡಿದು ಕೂತೆ, ಇಲಿನಾಯ್ ರಾಜ್ಯದ್ದು. ದಿನಾಂಕ ಮತ್ತು ಸೀಟಿನ ಲೆಕ್ಕ ನೋಡುತ್ತಾ ಹೋದರೆ ಅಲ್ಲಿ ಏನಾಯ್ತು, ಯಾಕಾಯ್ತು ಅನ್ನೋದು ಅರ್ಧ ತಾನಾಗೇ ಬಿಚ್ಚಿಕೊಳ್ಳುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಂಬರು. ಇಲಿನಾಯ್ ರಾಜ್ಯವಾಗಿದ್ದು 1818ರ ಡಿಸೆಂಬರ್ 3ಕ್ಕೆ, 21ನೇ ರಾಜ್ಯವಾಗಿ. ಎರಡು ವರ್ಷಕ್ಕೊಮ್ಮೆ ಚುನಾವಣೆ, ಪ್ರತಿ ಸಲವೂ ಸಭೆಗೆ ಹೊಸ ನಂಬರು. ಮೊದಲನೆಯದು 1818ರಲ್ಲಿ, ಎರಡನೆಯದು 1820ರಲ್ಲಿ, ಹೀಗೇ ಎಣಿಸುತ್ತಾ ಬಂದರೆ ಹತ್ತನೆಯದು 1836ಕ್ಕೆ ಬರುತ್ತದೆ. 1848ರಲ್ಲಿ ಹೊಸ ಸಂವಿಧಾನ ಬರುವವರೆಗೂ ಈ ಲೆಕ್ಕ ಸರಿಯಾಗಿ ಕೂಡುತ್ತದೆ. ಹಾಗಾಗಿ ಇಸವಿಗಳನ್ನು ಬಾಯಿಪಾಠ ಮಾಡೋ ಗೋಜೇ ಬೇಡ.

ನಾನು ಮೊದಲು ಎಡವಿದ್ದು ಎಲ್ಲಿ ಅಂದರೆ, ನಮ್ಮ ವಿಧಾನಸಭೆಯ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು ಓದಿದ್ದು. ಅಲ್ಲಿ ಮುಖ್ಯಮಂತ್ರಿ ಅನ್ನೋ ಹುದ್ದೆಯೇ ಇಲ್ಲ. ಗವರ್ನರ್‌ನನ್ನು ಜನರೇ ಬೇರೆಯಾಗಿ ಆರಿಸುತ್ತಾರೆ, ಅವನು ಸದನದ ಸದಸ್ಯ ಅಲ್ಲ, ಸದನದಲ್ಲಿ ಬಹುಮತ ಇಲ್ಲದಿದ್ದರೂ ಅವನ ಕುರ್ಚಿ ಅಲುಗಾಡೋದಿಲ್ಲ. ಎರಡನೇ ಎಡವಟ್ಟು ಸೆನೆಟ್ ಅನ್ನೋ ಪದದ್ದು. ಈ ಪಟ್ಟಿಯಲ್ಲಿ ಸೆನೆಟರ್ ಅಂತ ಇದ್ದರೆ ಅದು ವಾಷಿಂಗ್ಟನ್ನಿನ ಸೆನೆಟ್ ಅಲ್ಲ, ರಾಜ್ಯದ್ದೇ ಮೇಲ್ಮನೆ. ನಮ್ಮ ವಿಧಾನ ಪರಿಷತ್ತಿನ ಹಾಗೂ ಅಲ್ಲ, ಅವರನ್ನೂ ಜನರೇ ನೇರವಾಗಿ ಆರಿಸಬೇಕು, ಅವರ ಒಪ್ಪಿಗೆ ಇಲ್ಲದೆ ಒಂದು ಮಸೂದೆಯೂ ಪಾಸಾಗುವಂತಿಲ್ಲ. ವಾಷಿಂಗ್ಟನ್ನಿಗೆ ಹೋಗುವ ಸೆನೆಟರ್‌ಗಳನ್ನು ಆ ಕಾಲದಲ್ಲಿ ಆರಿಸುತ್ತಿದ್ದವರು ಈ ರಾಜ್ಯದ ಶಾಸಕರು. 1913ರ ತಿದ್ದುಪಡಿ ಬರುವವರೆಗೂ ಅದೇ ಪದ್ಧತಿ. ಈ ಹತ್ತನೇ ಸಭೆ ಹಾಗೆ ಕಳಿಸಿದ್ದು ರಿಚರ್ಡ್ ಯಂಗ್ ಅನ್ನೋರನ್ನ.

ಮತದಾನದ ದಿನ ಆಗಸ್ಟ್‌ನ ಮೊದಲ ಸೋಮವಾರ. ಮತ ಹಾಕಬಹುದಾಗಿದ್ದವರು 21 ದಾಟಿದ ಬಿಳಿಯ ಗಂಡಸರು ಮಾತ್ರ, ಆರು ತಿಂಗಳಿಂದ ರಾಜ್ಯದಲ್ಲಿ ವಾಸ ಇದ್ದರೆ ಸಾಕಿತ್ತು. ಚೀಟಿ ಗೀಟಿ ಏನಿಲ್ಲ, ಮತಗಟ್ಟೆಯಲ್ಲಿ ನಿಂತು ಯಾರಿಗೆ ಮತ ಅಂತ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಸಾಲ ಕೊಟ್ಟ ಸಾಹುಕಾರ ಪಕ್ಕದಲ್ಲೇ ನಿಂತಿದ್ದರೆ ಬಡರೈತ ಏನು ಹೇಳುತ್ತಾನೆ, ನೀವೇ ಯೋಚಿಸಿ. ಕೆಳಮನೆಯ ಅವಧಿ ಎರಡು ವರ್ಷ, ಸೆನೆಟ್ಟಿನದು ನಾಲ್ಕು. ಅಧಿವೇಶನ ಶುರುವಾಗೋದು ಡಿಸೆಂಬರ್‌ನ ಮೊದಲ ಸೋಮವಾರ. ಚಳಿಗಾಲವೇ ಯಾಕೆ ಅಂದರೆ, ನನಗನ್ನಿಸೋದು, ಸದಸ್ಯರಲ್ಲಿ ಬಹಳ ಜನ ಬೇಸಾಯದವರು, ಆಗ ಹೊಲದಲ್ಲಿ ಕೆಲಸ ಇರೋದಿಲ್ಲ.

ಈಗ ಸೀಟಿನ ಲೆಕ್ಕ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಒಂಬತ್ತನೇ ಸಭೆಯಲ್ಲಿ ಕೆಳಮನೆಗೆ 55, ಸೆನೆಟ್ಟಿಗೆ 26 ಸೀಟು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅದು 91 ಮತ್ತು 40 ಆಯಿತು. ಎರಡೇ ವರ್ಷದಲ್ಲಿ 50 ಹೊಸ ಕುರ್ಚಿ! ಕಾರಣ ಜನಸಂಖ್ಯೆ. 1830ರ ಜನಗಣತಿಯಲ್ಲಿ ಇಲಿನಾಯ್‌ನಲ್ಲಿ 1,57,445 ಜನ ಇದ್ದರು, 1840ಕ್ಕೆ 4,76,183. ಮಧ್ಯದಲ್ಲಿ 1835ರಲ್ಲಿ ರಾಜ್ಯವೇ ಒಂದು ಗಣತಿ ಮಾಡಿಸಿ ಸೀಟುಗಳನ್ನು ಮರುಹಂಚಿತು. ಜನ ಬಂದು ತುಂಬಿಕೊಳ್ಳುತ್ತಿದ್ದದ್ದು ರಾಜ್ಯದ ನಡುಭಾಗ ಮತ್ತು ಉತ್ತರಕ್ಕೆ. ಹಳೇ ವಸತಿಗಳೆಲ್ಲ ದಕ್ಷಿಣದಲ್ಲಿದ್ದವು. ಅಂದರೆ ಸೀಟಿನ ಜೊತೆ ಅಧಿಕಾರವೂ ಉತ್ತರದ ಕಡೆ ಜರುಗಿತು. ಮುಂದಿನ ಕಥೆಯೆಲ್ಲ ಇದರಿಂದಲೇ ಹುಟ್ಟೋದು.

ಹೆಚ್ಚು ಲಾಭ ಆಗಿದ್ದು ಸ್ಯಾಂಗಮನ್ ಕೌಂಟಿಗೆ. ಅದರ ಕೆಳಮನೆ ಸೀಟು 4ರಿಂದ 7ಕ್ಕೆ ಏರಿತು, ಜೊತೆಗೆ ಇಬ್ಬರು ಸೆನೆಟರ್‌ಗಳು, ಒಟ್ಟು ಒಂಬತ್ತು. ಒಂಬತ್ತೂ ಜನ ಆರಡಿ ಆಸುಪಾಸಿನ ಆಳುಗಳು, ಎಲ್ಲರ ಎತ್ತರ ಕೂಡಿದರೆ 54 ಅಡಿ ಅಂತ ಹೇಳುತ್ತಿದ್ದರು. ಹಾಗಾಗಿ ಅವರಿಗೆ "ಲಾಂಗ್ ನೈನ್" ಅಂತ ಹೆಸರು ಬಿತ್ತು, ನಮ್ಮ ಮಾತಲ್ಲಿ ಒಂಬತ್ತು ಲಂಬೂಗಳು ಅನ್ನಬಹುದೇನೋ. ಕೆಳಮನೆಯಲ್ಲಿ ಅಬ್ರಹಾಂ ಲಿಂಕನ್, ನಿನಿಯನ್ ಎಡ್ವರ್ಡ್ಸ್, ಜಾನ್ ಡಾಸನ್, ಆಂಡ್ರ್ಯೂ ಮೆಕಾರ್ಮಿಕ್, ಡ್ಯಾನ್ ಸ್ಟೋನ್, ವಿಲಿಯಂ ಎಲ್ಕಿನ್, ರಾಬರ್ಟ್ ವಿಲ್ಸನ್. ಸೆನೆಟ್ಟಿನಲ್ಲಿ ಆರ್ಚರ್ ಹರ್ನ್‌ಡನ್ ಮತ್ತು ಜಾಬ್ ಫ್ಲೆಚರ್. ಎಡ್ವರ್ಡ್ಸ್ ಮುಂದೆ ಲಿಂಕನ್‌ಗೆ ಷಡ್ಡಕ ಆದರು. ಹರ್ನ್‌ಡನ್ ಅವರ ಮಗ ವಿಲಿಯಂ ಮುಂದೆ ಲಿಂಕನ್ ಜೊತೆ ಪಾಲುದಾರ ವಕೀಲನಾದ.

ಲಿಂಕನ್‌ಗೆ ಆಗ 27 ವರ್ಷ, ಶಾಸಕನಾಗಿ ಎರಡನೇ ಸಲ. 1834ರಲ್ಲಿ ಮೊದಲ ಸಲ ಗೆದ್ದಾಗ ಮೈಮೇಲೆ ಸರಿಯಾದ ಬಟ್ಟೆ ಇರಲಿಲ್ಲ ಅಂತ ಸ್ನೇಹಿತರೊಬ್ಬರ ಹತ್ತಿರ 200 ಡಾಲರ್ ಸಾಲ ಮಾಡಿ, ಅದರಲ್ಲಿ ಸೂಟು ಹೊಲಿಸಿಕೊಂಡು ರಾಜಧಾನಿಗೆ ಹೋಗಿದ್ದ. ಅದೇ ಸದನದಲ್ಲಿ ಎದುರು ಪಕ್ಷದಲ್ಲಿ ಕೂತವನು ಸ್ಟೀಫನ್ ಡಗ್ಲಸ್, 23 ವರ್ಷದ ಹುಡುಗ. 1858ರಲ್ಲಿ ಇಬ್ಬರೂ ಊರೂರು ಸುತ್ತಿ ಚರ್ಚೆ ಮಾಡಿದರಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅವರು 22 ವರ್ಷ ಮೊದಲೇ ಒಂದೇ ಛಾವಣಿ ಕೆಳಗೆ ಕೂತಿದ್ದರು ಅನ್ನೋದು ಈ ಪಟ್ಟಿ ನೋಡಿದ ಮೇಲೇ ನನಗೆ ಗೊತ್ತಾಗಿದ್ದು. ಜೇಮ್ಸ್ ಶೀಲ್ಡ್ಸ್ ಅಂತ ಇನ್ನೊಬ್ಬರಿದ್ದರು, ಮುಂದೆ ಇಲಿನಾಯ್, ಮಿನೆಸೋಟ, ಮಿಸೌರಿ ಹೀಗೆ ಮೂರು ರಾಜ್ಯಗಳಿಂದ ಅಮೆರಿಕದ ಸೆನೆಟ್ಟಿಗೆ ಹೋದವರು. 1842ರಲ್ಲಿ ಲಿಂಕನ್‌ನನ್ನು ದ್ವಂದ್ವಯುದ್ಧಕ್ಕೆ ಕರೆದವರೂ ಇವರೇ (ಕೊನೇ ಗಳಿಗೆಯಲ್ಲಿ ರಾಜಿ ಆಯ್ತು). ಸ್ಪೀಕರ್ ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಸೆಂಪಲ್. ಲಿಂಕನ್ ಮತ್ತವರ ಜೊತೆಗಾರರು ವಿಗ್ ಪಕ್ಷ. ಆದರೆ ಪಕ್ಷದ ಗೆರೆ ಆಗ ಅಷ್ಟೊಂದು ಗಟ್ಟಿ ಇರಲಿಲ್ಲ, ಊರು, ಕೌಂಟಿ ಅನ್ನೋದೇ ಜಾಸ್ತಿ ಕೆಲಸ ಮಾಡುತ್ತಿತ್ತು.

ಅಧಿವೇಶನ ನಡೆದಿದ್ದು 1836ರ ಡಿಸೆಂಬರ್ 5ರಿಂದ 1837ರ ಮಾರ್ಚ್ 6ರವರೆಗೆ, 92 ದಿನ. ಜಾಗ ವ್ಯಾಂಡೇಲಿಯಾ. ಇಲ್ಲೊಂದು ತಮಾಷೆ ಇದೆ. 1818ರ ಸಂವಿಧಾನದ ಪ್ರಕಾರ ಹೊಸ ರಾಜಧಾನಿ ಇಪ್ಪತ್ತು ವರ್ಷ ಮಾತ್ರ ಗ್ಯಾರಂಟಿ. 1820ರಿಂದ ವ್ಯಾಂಡೇಲಿಯಾ ರಾಜಧಾನಿ, ಅಂದರೆ ಗಡುವು ಹತ್ತಿರ ಬರುತ್ತಿತ್ತು. 1834ರಲ್ಲಿ ಜನರ ಅಭಿಪ್ರಾಯ ಕೇಳಿದಾಗ ಮಿಸಿಸಿಪಿ ದಡದ ಆಲ್ಟನ್‌ಗೆ ಚೂರು ಜಾಸ್ತಿ ಮತ ಬಂತು, ಆದರೆ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ವ್ಯಾಂಡೇಲಿಯಾದ ಜನ ಹೆದರಿ, ರಾಜಧಾನಿ ಕೈತಪ್ಪಬಾರದು ಅಂತ 1836ರ ಬೇಸಿಗೆಯಲ್ಲಿ ತರಾತುರಿಯಲ್ಲಿ ಹೊಸ ಶಾಸನಭವನ ಕಟ್ಟಿಸಿದರು. ಸದಸ್ಯರು ಬಂದು ಕೂತಾಗ ಗೋಡೆಯ ಗಾರೆ ಇನ್ನೂ ಹಸಿ. ಆ ಕಟ್ಟಡ ಈಗಲೂ ನಿಂತಿದೆ.

ಈ 92 ದಿನದಲ್ಲಿ ದೊಡ್ಡ ಕೆಲಸ ಅಂದರೆ ಎರಡು, ಎರಡೂ ಫೆಬ್ರವರಿ ಕೊನೆಯಲ್ಲಿ ಒಂದರ ಬೆನ್ನಿಗೆ ಒಂದು ಬಂದವು.

ಫೆಬ್ರವರಿ 27ಕ್ಕೆ ಬಂದಿದ್ದು ಅಭಿವೃದ್ಧಿ ಕಾಯ್ದೆ. ರೈಲುಮಾರ್ಗ, ನದಿ, ರಸ್ತೆ ಅಂತ ಒಟ್ಟು ಒಂದು ಕೋಟಿ ಡಾಲರ್‌ಗೂ ಮೇಲೆ ಖರ್ಚು, ಎಲ್ಲ ಸಾಲದ ಹಣ. ಐದು ಲಕ್ಷ ಜನವೂ ಇಲ್ಲದ ರಾಜ್ಯ ಅದು! ರೈಲೂ ಇಲ್ಲ ಕಾಲುವೆಯೂ ಇಲ್ಲ ಅನ್ನೋ ಕೌಂಟಿಗಳು ಗಲಾಟೆ ಮಾಡಬಾರದು ಅಂತ ಅವಕ್ಕೆ ಹಂಚಲು 2 ಲಕ್ಷ ಡಾಲರ್ ಬೇರೆ ಎತ್ತಿಟ್ಟರು. ಗವರ್ನರ್ ಜೋಸೆಫ್ ಡಂಕನ್‌ಗೆ ಇದು ಇಷ್ಟ ಇರಲಿಲ್ಲ. ಆದರೆ ಅವನ ಕೈಲಿ ಒಬ್ಬನದೇ ವೀಟೋ ಇರಲಿಲ್ಲ. ಗವರ್ನರ್ ಮತ್ತು ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಸೇರಿದ ಕೌನ್ಸಿಲ್ ಆಫ್ ರಿವಿಷನ್ ಅಂತ ಒಂದು ಮಂಡಳಿ ಇತ್ತು, ಅದು ಮಸೂದೆಯನ್ನು ವಾಪಸ್ ಕಳಿಸಬಹುದು ಅಷ್ಟೇ. ಎರಡೂ ಮನೆ ಒಟ್ಟು ಸದಸ್ಯರ ಬರೀ ಬಹುಮತದಿಂದ ಮತ್ತೆ ಪಾಸು ಮಾಡಿದರೆ ಕಾನೂನು ಆಗಿಯೇ ಹೋಯ್ತು. ಇಲ್ಲೂ ಹಾಗೇ ಆಯ್ತು. ವೀಟೋ ಅಂದ ತಕ್ಷಣ ಮೂರನೇ ಎರಡು ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ, ಆಗಿನ ಇಲಿನಾಯ್‌ಗೆ ಅದು ತಪ್ಪು.

ಮಾರನೇ ದಿನ, ಫೆಬ್ರವರಿ 28. ರಾಜಧಾನಿ ಎಲ್ಲಿ ಅಂತ ತೀರ್ಮಾನಿಸಲು ಎರಡೂ ಮನೆಗಳು ಒಟ್ಟಿಗೆ ಕೂತವು. ಮೊದಲ ಸುತ್ತಿನಲ್ಲಿ ಸ್ಯಾಂಗಮನ್‌ನ ಸ್ಪ್ರಿಂಗ್‌ಫೀಲ್ಡ್‌ಗೆ 35 ಮತ, ನಾಲ್ಕನೇ ಸುತ್ತಿಗೆ 73, ಗೆದ್ದೇಬಿಟ್ಟಿತು. ಉಳಿದ ಮತಗಳು ವ್ಯಾಂಡೇಲಿಯಾ, ಆಲ್ಟನ್, ಪಿಯೋರಿಯಾ, ಜ್ಯಾಕ್ಸನ್‌ವಿಲ್ ಅಂತ ಚೂರುಚೂರಾಗಿದ್ದವು. ಒಂಬತ್ತು ಜನ ಅಂದರೆ 131ರಲ್ಲಿ ನೂರಕ್ಕೆ ಏಳೂ ಸರಿಯಾಗಿ ಇಲ್ಲ. ಆದರೆ ಉಳಿದವರೆಲ್ಲ ಹರಿದು ಹಂಚಿಹೋಗಿರುವಾಗ ಒಂದೇ ಕಡೆ ಕದಲದೆ ನಿಂತ ಒಂಬತ್ತು ಮತ ದೊಡ್ಡ ಮೊತ್ತ. ಮಧ್ಯೆ ರಾಜಧಾನಿ ಬದಲಾಯಿಸುವ ಮಸೂದೆಯೇ ಮೂಲೆಗೆ ಬಿದ್ದಿತ್ತು, ಲಿಂಕನ್ ಮತ್ತವನ ತಂಡ ಸದಸ್ಯರನ್ನು ಒಬ್ಬೊಬ್ಬರಾಗಿ ಹಿಡಿದು ಒಪ್ಪಿಸಿ ಅದನ್ನು ಮತ್ತೆ ಮೇಲೆ ತಂದರು.

"ನಮ್ಮೂರಿಗೆ ರಾಜಧಾನಿ ಕೊಡಿ, ನಿಮ್ಮೂರಿಗೆ ರೈಲು ಕೊಡ್ತೀವಿ" ಅಂತ ವ್ಯಾಪಾರ ನಡೀತು ಅನ್ನೋ ಆರೋಪ ಆಗಲೇ ಇತ್ತು, ಎಷ್ಟೋ ಪುಸ್ತಕಗಳಲ್ಲಿ ಅದನ್ನೇ ಸತ್ಯ ಅಂತ ಬರೆದಿದ್ದಾರೆ. ಆದರೆ ಯಾರು ಯಾವುದಕ್ಕೆ ಮತ ಹಾಕಿದರು ಅಂತ ಹೆಸರು ಹೆಸರಾಗಿ ತಾಳೆ ನೋಡಿದವರಲ್ಲಿ ಕೆಲವರು ಇದನ್ನು ಒಪ್ಪೋದಿಲ್ಲ, ಅಷ್ಟು ಅಚ್ಚುಕಟ್ಟಾದ ಕೊಡುಕೊಳ್ಳುವಿಕೆ ಅಲ್ಲಿ ಕಾಣಲ್ಲ ಅಂತಾರೆ. ಸೀಟುಗಳು ಉತ್ತರಕ್ಕೆ ಜರುಗಿದ ಮೇಲೆ ದಕ್ಷಿಣದ ವ್ಯಾಂಡೇಲಿಯಾ ಉಳಿಯೋದು ಹೇಗೂ ಕಷ್ಟವೇ ಇತ್ತು. ನನಗೆ ಈ ಎರಡನೇ ವಾದವೇ ಹೆಚ್ಚು ಸರಿ ಕಾಣುತ್ತದೆ.

ಇನ್ನೊಂದು ವಿಷಯ, ದಿನಾಂಕ ನೋಡದಿದ್ದರೆ ಇದರ ಸ್ವಾರಸ್ಯ ಗೊತ್ತೇ ಆಗಲ್ಲ. ಜನವರಿ 20ರಂದು ಕೆಳಮನೆ ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸಿ ನಿರ್ಣಯ ಮಾಡಿತು, ಪರವಾಗಿ 77, ವಿರೋಧ ಬರೀ 6. ಆ ಆರರಲ್ಲಿ ಲಿಂಕನ್ ಒಬ್ಬ. ಆದರೆ ಗುಲಾಮಗಿರಿ ಅನ್ಯಾಯ, ಕೆಟ್ಟ ನೀತಿ ಕೂಡ ಅಂತ ಡ್ಯಾನ್ ಸ್ಟೋನ್ ಜೊತೆ ಸೇರಿ ಬರೆದುಕೊಟ್ಟ ಪ್ರತಿಭಟನೆ ಕಡತಕ್ಕೆ ಸೇರಿದ್ದು ಮಾರ್ಚ್ 3ಕ್ಕೆ. ಆರು ವಾರ ಯಾಕೆ ಕಾದರು? ರಾಜಧಾನಿಯ ಮತ ಮುಗಿದಿದ್ದು ಫೆಬ್ರವರಿ 28ಕ್ಕೆ, ಮಾರ್ಚ್ 3ಕ್ಕೆ ಅಧಿವೇಶನ ಮುಗಿಯೋಕೆ ಮೂರೇ ದಿನ ಬಾಕಿ. ಬೇರೆಯವರ ಮತ ಬೇಕಿರುವಾಗ ಯಾರನ್ನೂ ಕೆಣಕೋದು ಬೇಡ ಅಂತ ಸುಮ್ಮನಿದ್ದರು ಅನ್ನೋದು ನನ್ನ ಊಹೆ. ಅದೇ ಪ್ರತಿಭಟನೆಯಲ್ಲಿ, ಗುಲಾಮಗಿರಿ ರದ್ದಾಗಲಿ ಅನ್ನೋ ಪ್ರಚಾರದಿಂದ ಕೇಡು ಕಡಿಮೆಯಾಗೋ ಬದಲು ಜಾಸ್ತಿಯಾಗುತ್ತದೆ ಅಂತಲೂ ಬರೆದಿದ್ದಾರೆ. ಅದನ್ನು ಬಿಟ್ಟು ಬರೀ ಮೊದಲ ಅರ್ಧ ಹೇಳಿದರೆ ಮೋಸ ಆಗುತ್ತದೆ.

ಮೇ ತಿಂಗಳಲ್ಲಿ ದೇಶಕ್ಕೆಲ್ಲ ಹಣದ ಮುಗ್ಗಟ್ಟು ಬಂತು. ಬ್ಯಾಂಕುಗಳು ನೋಟಿಗೆ ಚಿನ್ನ ಬೆಳ್ಳಿ ಕೊಡೋದನ್ನು ನಿಲ್ಲಿಸಿದವು. ಗವರ್ನರ್ ಜುಲೈ 10ಕ್ಕೆ ವಿಶೇಷ ಅಧಿವೇಶನ ಕರೆದು, ಆ ಅಭಿವೃದ್ಧಿ ಯೋಜನೆ ಕೈಬಿಡಿ ಅಂದ. ಸದಸ್ಯರು ಒಪ್ಪಲಿಲ್ಲ, ನೋಟಿಗೆ ಚಿನ್ನ ಬೆಳ್ಳಿ ಕೊಡದೆಯೂ ನಡೆಸಬಹುದು ಅಂತ ಬ್ಯಾಂಕುಗಳಿಗೆ ಮಾತ್ರ ರಿಯಾಯಿತಿ ಕೊಟ್ಟು 22ಕ್ಕೆ ಎದ್ದು ಹೋದರು. ಫಲ ಏನಾಯ್ತು ಗೊತ್ತಾ? 1842ರ ಹೊತ್ತಿಗೆ ರಾಜ್ಯಕ್ಕೆ ಸಾಲದ ಬಡ್ಡಿ ಕಟ್ಟೋಕೂ ಆಗಲಿಲ್ಲ. ಮೆರಿಡೋಷಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ವರೆಗಿನ ಒಂದು ತುಂಡು ರೈಲು ಮಾತ್ರ ಓಡುವ ಹಾಗಾಯ್ತು, ಅದನ್ನೂ 1847ರಲ್ಲಿ 21,100 ಡಾಲರ್‌ಗೆ ಮಾರಿದರು.

ಕೊನೆಗೆ, ಒಂದು ಅಧಿವೇಶನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅನ್ನೋದು ಎಷ್ಟು ಮುಖ್ಯ ಅಂತ ತೋರಿಸೋಕೆ ಎರಡು ಸಭೆ ಮುಂದಕ್ಕೆ ಹೋಗೋಣ, ಹನ್ನೆರಡನೆಯದಕ್ಕೆ. 1840ರ ಡಿಸೆಂಬರ್, ಊರು ಸ್ಪ್ರಿಂಗ್‌ಫೀಲ್ಡ್. ಹೊಸ ಭವನ ಮುಗಿದಿರಲಿಲ್ಲ, ಕೆಳಮನೆ ಒಂದು ಚರ್ಚಿನಲ್ಲಿ ಕೂರುತ್ತಿತ್ತು. ಸ್ಟೇಟ್ ಬ್ಯಾಂಕಿಗೆ ಕೊಟ್ಟ ರಿಯಾಯಿತಿ "ಮುಂದಿನ ಅಧಿವೇಶನ ಮುಗಿಯುವವರೆಗೆ" ಅಂತ ಇತ್ತು. ವಾಡಿಕೆಯ ಅಧಿವೇಶನ ಸೋಮವಾರ ಶುರುವಾಗಬೇಕು, ಅದಕ್ಕೂ ಎರಡು ವಾರ ಮೊದಲೇ ವಿಶೇಷ ಅಧಿವೇಶನ ಕರೆದಿದ್ದರು. ಇದನ್ನು ಶನಿವಾರವೇ ಅನಿರ್ದಿಷ್ಟಾವಧಿಗೆ ಮುಂದೂಡಿದರೆ ಒಂದು ಅಧಿವೇಶನ ಮುಗಿದ ಲೆಕ್ಕ, ಬ್ಯಾಂಕು ಸೋಮವಾರದಿಂದಲೇ ಚಿನ್ನ ಬೆಳ್ಳಿ ಎಣಿಸಬೇಕು. ಡೆಮಾಕ್ರಟರಿಗೆ ಬೇಕಿದ್ದದ್ದು ಅದೇ, ವಿಗ್‌ಗಳಿಗೆ ಬೇಡವಾಗಿದ್ದದ್ದೂ ಅದೇ. ಕೋರಂಗೆ, ಅಂದರೆ ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿಗೆ, ಮೂರನೇ ಎರಡು ಭಾಗ ಸದಸ್ಯರು ಬೇಕು, ಹಾಗಾಗಿ ವಿಗ್‌ಗಳು ಸದನಕ್ಕೆ ಬರದೆ ಹೊರಗೆ ಉಳಿದರು. ಏನು ನಡೆಯುತ್ತದೆ ನೋಡೋಣ ಅಂತ ಲಿಂಕನ್ ಮತ್ತು ಒಬ್ಬಿಬ್ಬರು ಮಾತ್ರ ಒಳಗಿದ್ದರು. ಕೋರಂ ಆಗಿಬಿಟ್ಟಿತು ಅಂತ ಗೊತ್ತಾದ ಕೂಡಲೇ ಬಾಗಿಲಿನ ಕಡೆ ಹೋಗಲಾರದೆ ಕಿಟಕಿಯಿಂದ ಹಾರಿದರು. ಉಪಯೋಗ ಆಗಲಿಲ್ಲ, ಹಾರುವ ಮೊದಲೇ ಹಾಜರಿ ಎಣಿಸಿ ಆಗಿತ್ತು, ಸಭೆ ಮುಂದೂಡಿಕೆ ಆಯ್ತು. ಎದುರು ಪಕ್ಷದ ಪತ್ರಿಕೆಯೊಂದು ಹೊಸ ಭವನಕ್ಕೆ ಇನ್ನೊಂದು ಮಹಡಿ ಏರಿಸಬೇಕು, ಇಲ್ಲದಿದ್ದರೆ ಲಿಂಕನ್ ಕಾಲು ಕಿಟಕಿಯಿಂದ ನೆಲಕ್ಕೆ ಎಟುಕುತ್ತದೆ ಅಂತ ಗೇಲಿ ಮಾಡಿತು.